ಮದುವೆಮನೆಗೆ ಗಾಲಿಕುರ್ಚಿಯಲ್ಲಿ ಹೋಗಲೇ?

ಪ್ರಶ್ನೆ: ನನಗೆ 43 ವರ್ಷ. ಬಾಗಲಕೋಟೆಯ ನವನಗರದಲ್ಲಿ ಮನೆ. ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ಬಲಗಾಲು ಸೋತಿತು. ಮೊಣಕಾಲಿನ ಮೇಲೆ ಕೈಯೂರಿಕೊಂಡೇ ಇಷ್ಟು ವರ್ಷ ನಡೆದೆ. 19 ವರ್ಷಗಳಿಂದ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆಯಾಗಿದ್ದೇನೆ. ಎರಡು ವರ್ಷಗಳಿಂದ ಎಡಗಾಲೂ ಸೋಲುತ್ತಿದೆ, ಎರಡು ಸಲ ಬಿದ್ದಿದ್ದೇನೆ. ಹಳೆಯ ಪೋಲಿಯೊದ ತಡವಾದ ಪರಿಣಾಮ ಇದು, ದೂರದ ಓಡಾಟಕ್ಕೆ ಗಾಲಿಕುರ್ಚಿ ಬಳಸಿ ಎಂದು ವೈದ್ಯರು ಹೇಳಿದ್ದಾರೆ. ನನಗೆ ಅದು ಸೋಲೊಪ್ಪಿಕೊಂಡಂತೆ ಅನ್ನಿಸುತ್ತದೆ. ಮೇ ತಿಂಗಳಲ್ಲಿ ಬಾದಾಮಿಯಲ್ಲಿ ಅಣ್ಣನ ಮಗಳ ಮದುವೆ. ‘ಗಾಲಿಕುರ್ಚಿ ಬೇಡ, ಬೀಗರ ಮುಂದೆ ಚೆನ್ನಾಗಿ ಕಾಣುವುದಿಲ್ಲ. ಕಾರಿನಲ್ಲಿ ಬಂದು ಒಂದು ಕಡೆ ಕುಳಿತುಬಿಡು’ ಎಂದ ಅಣ್ಣ. ಚಿಕ್ಕವಳಿದ್ದಾಗ ಸೈಕಲ್ ಮೇಲೆ ಕೂರಿಸಿಕೊಂಡು ನನ್ನನ್ನು ಶಾಲೆಗೆ ಬಿಟ್ಟವನೂ ಅವನೇ. ಇಂಥ ದಿನಗಳಲ್ಲಿ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಿಡುವುದು ನನಗೆ ರೂಢಿ, ಹಾಗಾಗಿ ಇಡೀ ದಿನ ಕುಳಿತಿರುವುದು ಕಷ್ಟವಲ್ಲ. ಹೋಗಲೇ, ಬಿಡಲೇ?

ಉತ್ತರ: ತಂಗಿ, ಗಾಲಿಕುರ್ಚಿಯ ಬಗ್ಗೆ ನೀವು ಪುಟಗಟ್ಟಲೆ ಬರೆದಿದ್ದೀರಿ. ಇಲ್ಲಿ ಅದನ್ನು ಚಿಕ್ಕದಾಗಿಸಿದ್ದೇನೆ. ನೀರಿನ ಮಾತು ಬಂದದ್ದು ಒಂದೇ ಸಾಲಿನಲ್ಲಿ, ಅದೂ ಹೊಗಳಿಕೊಳ್ಳುವ ಧಾಟಿಯಲ್ಲಿ. ನಾನು ಆ ಸಾಲಿನ ಹತ್ತಿರವೇ ನಿಂತುಬಿಟ್ಟೆ. ಮೇ ತಿಂಗಳಿನಲ್ಲಿ ನಮ್ಮ ಕಡೆಯ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ಬಿಸಿಲಿನಲ್ಲಿ ರಾತ್ರಿಯಿಂದ ಮರುದಿನ ಸಂಜೆಯವರೆಗೆ ನೀರು ಕುಡಿಯದೆ, ಮೂತ್ರ ತಡೆದು ಕುಳಿತುಕೊಳ್ಳುವುದು ತಾಳ್ಮೆಯಲ್ಲ, ಅಪಾಯ. ಮೂತ್ರನಾಳದ ಸೋಂಕು ಹಿಡಿಯುತ್ತದೆ, ತಲೆ ಸುತ್ತುತ್ತದೆ. ಮೊದಲೇ ಸೋತ ಕಾಲಿಗೆ ತಲೆಸುತ್ತು ಸೇರಿದರೆ ಮೂರನೆಯ ಸಲ ಬೀಳುವುದು ಮಂಟಪದಲ್ಲೇ ಆದೀತು. ಈ ರೂಢಿ ನಿಮ್ಮೊಬ್ಬರದಲ್ಲ. ಕಾಲಿನ ತೊಂದರೆಯಿರುವ ಎಷ್ಟೋ ಹೆಣ್ಣುಮಕ್ಕಳು ಬಸ್ ಹತ್ತುವ ಮುಂಚೆ, ಕಚೇರಿಗೆ ಹೊರಡುವ ಮುಂಚೆ ಹೀಗೆಯೇ ಬಾಯಿ ಕಟ್ಟುತ್ತಾರೆ. ಶೌಚಾಲಯದ ಬಾಗಿಲು ಸಣ್ಣದು, ಒಳಗೆ ಕಮೋಡ್ ಇಲ್ಲ, ಹಿಡಿದುಕೊಳ್ಳಲು ಗೋಡೆಯಲ್ಲಿ ಒಂದು ಕೊಳವೆಯೂ ಇಲ್ಲ. ತಪ್ಪು ಕಟ್ಟಡದ್ದು, ಶಿಕ್ಷೆ ಮಾತ್ರ ನಿಮ್ಮ ಮೂತ್ರಪಿಂಡಕ್ಕೆ.

ಇನ್ನು ಸೋಲಿನ ಮಾತು. ಪೋಲಿಯೊ ವೈರಸ್ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಉಳಿದ ಕೋಶಗಳು ಹೊಸ ಕವಲು ಚಾಚಿ, ದಿಕ್ಕಿಲ್ಲದ ಸ್ನಾಯುಗಳನ್ನೂ ತಾವೇ ನೋಡಿಕೊಳ್ಳುತ್ತವೆ. ಸಂಘದಲ್ಲಿ ಇಬ್ಬರು ಗುಮಾಸ್ತರ ಕೆಲಸವನ್ನು ಒಬ್ಬಳೇ ನಲವತ್ತು ವರ್ಷ ಮಾಡಿದ ಹಾಗೆ ಎಂದರೆ ನಿಮಗೆ ಬೇಗ ತಿಳಿಯುತ್ತದೆ. ಒಂದು ದಿನ ಆ ಗುಮಾಸ್ತೆ ದಣಿಯುತ್ತಾಳೆ. ಕಾಯಿಲೆ ವಾಸಿಯಾಗಿ ಹದಿನೈದರಿಂದ ನಲವತ್ತು ವರ್ಷಗಳ ನಂತರ ಹೊಸ ನಿಶ್ಶಕ್ತಿ, ಸುಸ್ತು, ನೋವು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ ಎಂದು ವೈದ್ಯರು ತಿಳಿದಿದ್ದಾರೆ. ಚೆನ್ನಾಗಿದೆ ಎಂದುಕೊಂಡಿದ್ದ ಕಾಲೂ ಇದಕ್ಕೆ ಹೊರತಲ್ಲ. ವೈರಸ್ ಮರಳಿ ಬಂದಿಲ್ಲ, ನಿಮ್ಮಿಂದ ಯಾರಿಗೂ ಹರಡುವುದಿಲ್ಲ. ‘ಛಲ ಹಿಡಿದು ನಡೆದರೆ ಕಾಲು ಗಟ್ಟಿಯಾಗುತ್ತದೆ’ ಎಂದು ಓಣಿಯವರು ಹೇಳುತ್ತಾರಲ್ಲ, ಅದು ಇಲ್ಲಿ ತಿರುಗುಬಾಣ. ದಣಿದ ಸ್ನಾಯುವನ್ನು ಮತ್ತೆ ದುಡಿಸಿದರೆ ಇರುವ ಬಲವೂ ಇಳಿಯಬಹುದು. ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟಷ್ಟೇ ವ್ಯಾಯಾಮ ಮಾಡಿ.

ಹಾಗಾಗಿ ನಿಮ್ಮ ಕಾಲಿನಲ್ಲಿ ದಿನಕ್ಕೆ ಇಂತಿಷ್ಟೇ ಹೆಜ್ಜೆ ಜಮಾ ಇದೆ ಎಂದುಕೊಳ್ಳಿ. ಅದನ್ನು ಎಲ್ಲಿ ಖರ್ಚು ಮಾಡುತ್ತೀರಿ? ಕಾರು ನಿಲ್ಲಿಸಿದ ಕಡೆಯಿಂದ ಮಂಟಪದ ಬಾಗಿಲಿನವರೆಗೆ, ಯಾರು ಯಾರೋ ನೋಡಲೆಂದು ನಡೆದು ಮುಗಿಸುತ್ತೀರೋ, ಅಥವಾ ಅಲ್ಲಿಯವರೆಗೆ ಕುರ್ಚಿಯಲ್ಲಿ ಹೋಗಿ, ಹುಡುಗಿಗೆ ಅರಿಶಿನ ಹಚ್ಚುವಾಗ ಎದ್ದು ನಿಲ್ಲಲು ಉಳಿಸಿಕೊಳ್ಳುತ್ತೀರೋ? ಕುರ್ಚಿಯಲ್ಲಿ ಕುಳಿತವರು ಮತ್ತೆ ಏಳಲೇಬಾರದು ಎಂದು ಯಾವ ವೈದ್ಯರೂ ಹೇಳಿಲ್ಲ. ಜನ ಮಾತ್ರ ಹಾಗೆ ತಿಳಿದಿದ್ದಾರೆ. ನೀವು ಎದ್ದು ನಾಲ್ಕು ಹೆಜ್ಜೆ ಇಟ್ಟರೆ ಯಾರಾದರೊಬ್ಬರು ‘ಅಯ್ಯೋ, ನಡೆಯಲು ಬರುತ್ತದಲ್ಲ, ಮತ್ತೆ ಕುರ್ಚಿ ಏಕೆ?’ ಎನ್ನುವುದು ಖಂಡಿತ. ‘ಕನ್ನಡಕ ತೆಗೆದರೂ ನಿಮಗೆ ಸ್ವಲ್ಪ ಕಾಣುತ್ತದಲ್ಲ, ಹಾಗೆ’ ಎನ್ನಿ, ಮುಂದಕ್ಕೆ ಹೋಗಿ.

ಮಂಡಿಯ ಶಸ್ತ್ರಚಿಕಿತ್ಸೆಯ ನಂತರ ನಾನೂ ಒಂದೂವರೆ ತಿಂಗಳು ಗಾಲಿಕುರ್ಚಿಯಲ್ಲಿದ್ದೆ. ಒಮ್ಮೆ ವಿಜಯಪುರದ ಒಂದು ಸೀರೆ ಅಂಗಡಿಗೆ ಹೋದಾಗ ಅಂಗಡಿಯವರು ನನ್ನ ತಲೆಯ ಮೇಲಿಂದ ಮಗನನ್ನು ಕೇಳಿದರು: ‘ಇವರಿಗೆ ಯಾವ ಬಣ್ಣ ಬೇಕಂತೆ?’ ಮೂವತ್ತು ವರ್ಷ ಪಾಠ ಹೇಳಿದ ಬಾಯಿ ನನ್ನದು, ಒಂದು ಕ್ಷಣ ಮಾತು ಹೊರಡಲಿಲ್ಲ. ಗಾಲಿಕುರ್ಚಿಯಲ್ಲಿ ನಿಜವಾಗಿ ನೋಯುವುದು ಇದು, ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ನನ್ನದು ಒಂದೂವರೆ ತಿಂಗಳಿಗೆ ಮುಗಿಯಿತು, ನಿಮ್ಮ ನಲವತ್ತು ವರ್ಷಗಳ ‘ಪಾಪ’ಗಳ ಮುಂದೆ ಅದು ಏನೂ ಅಲ್ಲ. ಆದರೆ ‘ಪಾಪ’ ಎನ್ನುವವರು ನೀವು ಕುಂಟುತ್ತ ನಡೆದಾಗಲೂ ಅನ್ನುತ್ತಿದ್ದರಲ್ಲವೇ? ಕುರ್ಚಿಯಿಂದ ಅದೇನೂ ಹೊಸದಾಗಿ ಶುರುವಾಗುವುದಿಲ್ಲ.

ನಿಮ್ಮ ಅಣ್ಣನನ್ನು ಬೈಯಲು ನನಗೆ ಮನಸ್ಸಿಲ್ಲ. ಸೈಕಲ್ ತುಳಿದವನು ಅವನೇ. ಆದರೆ ‘ಚೆನ್ನಾಗಿ ಕಾಣುವುದಿಲ್ಲ’ ಎಂಬ ಮಾತಿನ ಕೆಳಗೆ ಬೇರೊಂದು ಅಂಜಿಕೆ ಇರಬೇಕು ಎಂಬುದು ನನ್ನ ಊಹೆ. ಬೀಗರು ಇದನ್ನು ಮನೆತನದ ಕಾಯಿಲೆ ಎಂದುಕೊಂಡಾರು, ನಾಳೆ ಮೊಮ್ಮಕ್ಕಳಿಗೂ ಬಂದೀತೆಂದು ಹುಡುಗಿಯ ಮುಂದೆ ಆಡಿಯಾರು ಎಂಬ ಅಂಜಿಕೆ. ಬಾಯಿಬಿಟ್ಟು ಹೇಳಲಾರದೆ ಕುರ್ಚಿಯ ಮೇಲೆ ಹಾಕಿದ್ದಾನೆ. ಹಾಗಿದ್ದರೆ ಅದಕ್ಕೆ ಉತ್ತರ ಸುಲಭ. ಪೋಲಿಯೊ ವಂಶದಿಂದ ಬರುವುದಲ್ಲ, ಸೋಂಕು ತಗುಲಿದವರ ಮಲದ ಅಂಶ ಕೈ, ನೀರು, ಆಹಾರದ ಮೂಲಕ ಬಾಯಿಗೆ ಸೇರಿ ಹೆಚ್ಚಾಗಿ ಹರಡುವ ವೈರಸ್. 1995ರಿಂದ ದೇಶದಾದ್ಯಂತ ಮಕ್ಕಳಿಗೆ ಪಲ್ಸ್ ಪೋಲಿಯೊ ಹನಿ ಹಾಕಿದರು, 2011ರ ಜನವರಿಯ ನಂತರ ಹೊಸ ಪ್ರಕರಣವಿಲ್ಲದ್ದರಿಂದ 2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. ಬೀಗರ ಮನೆಯಲ್ಲೂ ಆ ಹನಿ ಕುಡಿದು ಬೆಳೆದವರು ಇದ್ದೇ ಇರುತ್ತಾರೆ. ಇದನ್ನು ಅಣ್ಣನಿಗೆ ಒಬ್ಬನೇ ಸಿಕ್ಕಾಗ, ಊಟವಾದ ಮೇಲೆ ಹೇಳಿ. ವೈನಿಯ ಮುಂದೆ ಬೇಡ, ಗಂಡಸಿಗೆ ಸೋತಂತೆ ಅನ್ನಿಸಿದರೆ ಕೆಲಸ ಕೆಡುತ್ತದೆ.

ಅಣ್ಣನಿಗಿಂತ ಮುಂಚೆ ನೀವು ಕೇಳಬೇಕಾದವಳು ಮದುಮಗಳು. ಇಷ್ಟು ದೊಡ್ಡ ಪತ್ರದಲ್ಲಿ ಅವಳ ಅಭಿಪ್ರಾಯ ಒಂದು ಸಾಲೂ ಇಲ್ಲ! ಮದುವೆ ಅವಳದು, ನೀವು ಅವಳ ಸೋದರತ್ತೆ. ‘ನಾನು ಗಾಲಿಕುರ್ಚಿಯಲ್ಲಿ ಬರಬೇಕೆಂದಿದ್ದೇನೆ’ ಎಂದು ಅವಳಿಗೆ ಹೇಳಿ. ‘ಬರಲೇ?’ ಎಂದು ಕೇಳಬೇಡಿ. ಅವಳು ತಡವರಿಸಿದರೆ ನನಗೆ ಮತ್ತೆ ಬರೆಯಿರಿ, ಆಗ ಬೇರೆ ಮಾತಾಡೋಣ. ಈಗಿನ ಹುಡುಗಿಯರು ತಡವರಿಸುವುದು ಅಪರೂಪ.

ಬಳಿಕ ಮಂಟಪದ ವಿಚಾರ. ‘ಹಲಗೆ ಹಾಕಿಸುತ್ತೇವೆ’ ಎಂದು ಮಂಟಪದವರು ಉದಾರವಾಗಿ ಹೇಳುತ್ತಾರೆ, ನಂಬಬೇಡಿ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಇಳಿಜಾರಿನ ಲೆಕ್ಕ ಅದು. ಅರ್ಧ ಅಡಿಯ ಐದು ಮೆಟ್ಟಿಲಿದ್ದರೆ ಮೂವತ್ತು ಅಡಿ ಬೇಕು. ನಾಲ್ಕು ಅಡಿಯ ಹಲಗೆ ಹಾಕಿದರೆ ಅದು ಮಕ್ಕಳ ಜಾರುಬಂಡಿ. ಸರಿಯಾದ ಇಳಿಜಾರು ಇಲ್ಲದಿದ್ದರೆ ನಂಬಿಕೆಯ ಇಬ್ಬರನ್ನು ಮೊದಲೇ ಗೊತ್ತುಮಾಡಿ. ಕುರ್ಚಿಯನ್ನು ಹಿಮ್ಮುಖವಾಗಿ ಹತ್ತಿಸಬೇಕು, ಒಬ್ಬರು ಹಿಂದಿನ ಹಿಡಿಕೆ, ಇನ್ನೊಬ್ಬರು ಮುಂದಿನ ಚೌಕಟ್ಟು ಹಿಡಿಯಬೇಕು. ಉತ್ಸಾಹಿ ಹುಡುಗರು ತೋಳಿಡುವ ಕಡೆ ಹಿಡಿದು ಎತ್ತಲು ಬರುತ್ತಾರೆ. ಕೆಲವು ಕುರ್ಚಿಗಳಲ್ಲಿ ಆ ಭಾಗ ಕಳಚುತ್ತದೆ, ಬಿಡಬೇಡಿ. ಇಳಕಲ್ ಸೀರೆ ಉಡುವುದಾದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಗಾಲಿಗೆ ಸಿಕ್ಕರೆ ಸೀರೆಯೂ ಹೋಗುತ್ತದೆ, ನೀವೂ ವಾಲುತ್ತೀರಿ. ಕುರ್ಚಿಯನ್ನು ಇಂದೇ ಕೊಳ್ಳಬೇಡಿ. ಒಂದು ತಿಂಗಳು ಬಾಡಿಗೆಗೋ ಎರವಲಿಗೋ ತಂದು ಮನೆಯಲ್ಲಿ, ಸಂಘದಲ್ಲಿ ಓಡಾಡಿ ನೋಡಿ. ಆಸ್ಪತ್ರೆಯ ಅಗಲದ ಕುರ್ಚಿ ನಿಮ್ಮ ಮೈಗೆ ಒಗ್ಗುವುದಿಲ್ಲ.

ಮಂಟಪದವರು ಮುಖ ಸಿಂಡರಿಸಿದರೆ ಒಂದು ವಿಷಯ ಗೊತ್ತಿರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡವೆಂದರೆ ಸರ್ಕಾರದ್ದು ಮಾತ್ರವಲ್ಲ, ಜನ ಬಳಸುವ ಖಾಸಗಿ ಕಟ್ಟಡವೂ ಸೇರುತ್ತದೆ. (‘ವಿಕಲಚೇತನ’ ಎಂಬ ಪದ ನನಗೆ ಒಪ್ಪಿಗೆಯಿಲ್ಲ. ವಿಕಲವಾದದ್ದು ಕಾಲು, ಚೇತನವಲ್ಲ. ಸರ್ಕಾರಕ್ಕೆ ಅದು ಇಷ್ಟ, ಇರಲಿ.) ಮದುವೆ ಮುಗಿದ ಮೇಲೆ ಇನ್ನೊಂದು ಕೆಲಸ: ನಿಮ್ಮ ಅಂಗವಿಕಲತೆಯ ಪ್ರಮಾಣಪತ್ರ ಹಳೆಯದಾಗಿದ್ದರೆ, ಅದರಲ್ಲಿರುವ ಶೇಕಡಾವಾರು ಅಂದಿನ ಕಾಲಿನದು. ಜಿಲ್ಲಾ ಆಸ್ಪತ್ರೆಯಲ್ಲಿ ಮರುಪರೀಕ್ಷೆ ಕೇಳಿ, ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಇಲ್ಲದಿದ್ದರೆ ಮಾಡಿಸಿ.

ಬಾದಾಮಿಯ ಗುಹೆಗಳನ್ನು ಇದುವರೆಗೆ ಕೆಳಗಿನಿಂದಷ್ಟೇ ನೋಡಿದ್ದೇನೆ ಎಂದು ಕೊನೆಯಲ್ಲಿ ಬರೆದಿದ್ದಿರಿ. ಶಾಲೆಯ ಪ್ರವಾಸದಲ್ಲಿ ಎಲ್ಲರ ಬುತ್ತಿ ಕಾಯಲು ನಿಮ್ಮನ್ನು ಕೆಳಗೆ ಕೂರಿಸಿದ್ದರಂತೆ. ಗಾಲಿಕುರ್ಚಿ ಆ ಮೆಟ್ಟಿಲುಗಳನ್ನು ಹತ್ತುವುದಿಲ್ಲ, ಸುಳ್ಳು ಆಸೆ ತೋರಿಸಲಾರೆ. ಆದರೆ ಈ ಸಲ ಬಾದಾಮಿಯಲ್ಲಿ ಬುತ್ತಿ ಕಾಯಲು ಒಪ್ಪಬೇಡಿ. ಈ ಭಾನುವಾರ ಹುಡುಗಿಗೆ ಫೋನ್ ಮಾಡಿ. ಮಂಟಪಕ್ಕೆ ಹೋದಾಗ ಶೌಚಾಲಯದ ಬಾಗಿಲಿನ ಅಗಲ ಅಳೆದುಕೊಂಡು ಬರಲಿ, ಕಮೋಡ್ ಇದೆಯೇ ಎಂದೂ ನೋಡಲಿ. ರವಿಕೆ ಹೊಲಿಸಲು ದರ್ಜಿಯ ಹತ್ತಿರ ಹೇಗೂ ಹೋಗುತ್ತಾಳೆ, ಟೇಪು ಅಲ್ಲೇ ಇಸಿದುಕೊಳ್ಳಲಿ.