ಯಂತ್ರ ತರೋದಾ, ಮಾತ್ರೆ ಕೊಡೋದಾ?

ಪ್ರಶ್ನೆ: ಸಕ್ಕರೆ ಕಾಯಿಲೆಯಿಂದ ಅಪ್ಪನ ಎರಡೂ ಕಿಡ್ನಿ ಹೋಗಿವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಜಾಗ ಇಲ್ಲ ಅಂತಾರೆ. ವಾರಕ್ಕೆ ಮೂರು ಸಲ ಬಸ್ಸಲ್ಲಿ ದೂರ ಕರ್ಕೊಂಡು ಹೋಗ್ತೀನಿ. ಇತ್ತ ಸರ್ಕಾರ ಚೆನ್ನಾಗಿರೋರ ಮನೆಗೆ ಜನ ಕಳಿಸಿ ಬಿಪಿ, ಶುಗರ್ ನೋಡಿಸ್ತಿದೆ. ಆ ದುಡ್ಡಲ್ಲಿ ಇನ್ನೆರಡು ಯಂತ್ರ ತರಬಾರದಾ?
- ಓದುಗರೊಬ್ಬರು, ಕೋಲಾರ ಜಿಲ್ಲೆ

ಉತ್ತರ: ನಿಮ್ಮ ಸಿಟ್ಟಿನಲ್ಲಿ ತಪ್ಪಿಲ್ಲ. ಯಂತ್ರ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಲೆಕ್ಕ ಹಾಕಿ. ಡಯಾಲಿಸಿಸ್ ಅಂದರೆ ಯಂತ್ರದಲ್ಲಿ ರಕ್ತ ಶುದ್ಧ ಮಾಡುವುದು; ಒಬ್ಬರಿಗೆ ಒಂದು ಸಲಕ್ಕೆ ಸುಮಾರು 4 ಗಂಟೆ, ವಾರಕ್ಕೆ 3 ಸಲ. ದಿನಕ್ಕೆ 3 ಪಾಳಿಯಂತೆ ವಾರಕ್ಕೆ 6 ದಿನ ಓಡಿಸಿದರೂ ಒಂದು ಯಂತ್ರಕ್ಕೆ 6 ಜನ, ಎರಡಕ್ಕೆ 12. ಕಿಡ್ನಿ ಕಸಿ ಆಗದಿದ್ದರೆ ಅವರು ಜೀವನಪೂರ್ತಿ ಬರಲೇಬೇಕು, ಜಾಗ ಖಾಲಿಯಾಗುವುದಿಲ್ಲ. 13ನೆಯವರು ನಿಮ್ಮ ಅಪ್ಪನ ಹಾಗೆ ಬಸ್ಸು ಹತ್ತಬೇಕು.

ಆ 13ನೆಯವರು ಈಗ ಎಲ್ಲಿದ್ದಾರೆ? ಯಾವುದೋ ಹೊಲದಲ್ಲಿ ಆರಾಮಾಗಿ ಕೆಲಸ ಮಾಡಿಕೊಂಡಿದ್ದಾರೆ. ಸಕ್ಕರೆ, ಬಿಪಿ ಎರಡೂ ವರ್ಷಗಟ್ಟಲೆ ಸದ್ದಿಲ್ಲದೆ ಕಿಡ್ನಿ ತಿನ್ನುತ್ತವೆ. ನಮ್ಮ ದೊಡ್ಡಪ್ಪ 'ತಲೆ ಸುತ್ತಲ್ಲ, ಏನಿಲ್ಲ, ಸುಮ್ನೆ ಯಾಕೆ ಮಾತ್ರೆ' ಅಂತ ಬಿಟ್ಟುಬಿಟ್ಟಿದ್ದರು. ಕಾಲು ಊದಿಕೊಂಡಾಗ ಹುಡುಕಿದರೆ, ಒಡೆಯದ ಬಿಪಿ ಮಾತ್ರೆ ಪಟ್ಟಿಗಳು ದೇವರ ಫೋಟೋ ಹಿಂದೆ ಸಿಕ್ಕವು.

ಮನೆಗೆ ಬರುವ ಆ ಗೃಹ ಆರೋಗ್ಯ ಯೋಜನೆ 2024ರಲ್ಲಿ ನಿಮ್ಮ ಕೋಲಾರದಿಂದಲೇ ಶುರುವಾದದ್ದು. ಅದನ್ನು ನಿಲ್ಲಿಸಿ ಅಂತ ನಾನಂತೂ ಹೇಳಲ್ಲ. ನನ್ನ ತಕರಾರೇ ಬೇರೆ. ಬಿಪಿ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಂಡ ಮಾತ್ರಕ್ಕೆ ಕಾಯಿಲೆ ನಿಲ್ಲುತ್ತದೆಯೇ? ಪ್ರತಿ ತಿಂಗಳೂ ಮಾತ್ರೆ ಕೈಗೆ ಸಿಗಬೇಕು. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ 'ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ' ಅಂದರೆ ಅವರು ಮತ್ತೆ ಬರುವುದಿಲ್ಲ, ಅಲ್ವಾ? ಅಲ್ಲಿಗೆ ಆ ತಪಾಸಣೆಯ ದುಡ್ಡೂ ನೀರಲ್ಲಿ ಹೋಮ.

ಇನ್ನು ದುಡ್ಡು. 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಆರೋಗ್ಯದ ದುಡ್ಡಿನ ಮೂರರಲ್ಲಿ ಎರಡು ಪಾಲು ಅಥವಾ ಅದಕ್ಕೂ ಜಾಸ್ತಿ ಪ್ರಾಥಮಿಕ ಆರೋಗ್ಯಕ್ಕೆ, ಅಂದರೆ ಮನೆ ಹತ್ತಿರವೇ ಸಿಗುವ ಇಂಥ ತಪಾಸಣೆ, ಮಾತ್ರೆಗಳಿಗೆ ಹೋಗಲಿ ಅಂದಿದೆ. ಸರ್ಕಾರಗಳ ಒಟ್ಟು ಆರೋಗ್ಯ ಖರ್ಚು 2025ರೊಳಗೆ ಜಿಡಿಪಿಯ 2.5% ಆಗಬೇಕು ಅಂತಲೂ ಇತ್ತು, ಅದು ಆಗಲಿಲ್ಲ. ಹಾಗಾಗಿ ನಿಮ್ಮ ಶಾಸಕರನ್ನು ಕೇಳುವಾಗ ಯಂತ್ರವನ್ನೂ ಕೇಳಿ, ಮಾತ್ರೆಯನ್ನೂ ಕೇಳಿ. ಅದರ ಬದಲು ಇದು ಅನ್ನಬೇಡಿ.

ಅಂದಹಾಗೆ, ಅಪ್ಪನಿಗೆ ಸಕ್ಕರೆ ಇದೆ ಅಂದಮೇಲೆ ನೀವೂ ಒಮ್ಮೆ ಬಿಪಿ, ಶುಗರ್ ನೋಡಿಸಿಕೊಳ್ಳಿ. ಜೊತೆಗೆ ಕಿಡ್ನಿ ಹೇಗಿದೆ ಅಂತ ತಿಳಿಯಲು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತಲೂ ಕೇಳಿ. ಹೇಗೂ ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲೇ ಕೂತಿರುತ್ತೀರಿ.