ಲೈಸೆನ್ಸ್ ಬಿಗಿಯಾದರೆ ಕಂಪನಿಗಳು ಕೋಡ್ ಕೊಡುತ್ತವೆಯೇ?

ಪ್ರಶ್ನೆ: ನಾವು ಕೆಲವರು ಸೇರಿ ಬರೆದಿರುವ ತಂತ್ರಾಂಶವೊಂದನ್ನು ಓಪನ್ ಸೋರ್ಸ್ ಆಗಿ (ಯಾರು ಬೇಕಾದರೂ ಕೋಡ್ ನೋಡಿ, ತಿದ್ದಿ, ಹಂಚಬಹುದಾದಂತೆ) ಬಿಡುಗಡೆ ಮಾಡಬೇಕೆಂದಿದ್ದೇವೆ. ಬಿಗಿ ಷರತ್ತಿನ ಜಿಪಿಎಲ್ ಲೈಸೆನ್ಸ್ ಹಾಕಿದರೆ ಕಂಪನಿಗಳು ಹತ್ತಿರ ಸುಳಿಯುವುದಿಲ್ಲವೆಂದು ಕೆಲವರೂ, ಎಂಐಟಿ ಅಥವಾ ಅಪಾಚೆಯಂಥ ಸಡಿಲ ಲೈಸೆನ್ಸ್ ಹಾಕಿದರೆ ಅವು ಕೋಡ್ ಎತ್ತಿಕೊಂಡು ಹೋಗಿ ಏನನ್ನೂ ಹಿಂದಿರುಗಿಸುವುದಿಲ್ಲವೆಂದು ಉಳಿದವರೂ ವಾದಿಸುತ್ತಿದ್ದಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ತಿದ್ದಿದ ತಂತ್ರಾಂಶವನ್ನು ಹಂಚುವವರು ಅದನ್ನು ಪಡೆದವರಿಗೆ ಸೋರ್ಸ್ ಕೋಡನ್ನೂ ಅದೇ ಷರತ್ತಿನ ಮೇಲೆ ಒದಗಿಸಬೇಕೆಂದು ಜಿಪಿಎಲ್ ಹೇಳುತ್ತದೆಯೇ ಹೊರತು, ಮೂಲ ಯೋಜನೆಗೆ ಕೊಡುಗೆ ನೀಡಬೇಕೆಂದು ಎಲ್ಲಿಯೂ ಹೇಳುವುದಿಲ್ಲ. ತನ್ನ ಸರ್ವರ್‌ನಲ್ಲಷ್ಟೇ ಓಡಿಸುವ ಕಂಪನಿಗೆ ಆ ಕಟ್ಟುಪಾಡೂ ಇಲ್ಲ. ಈ ಸಂದನ್ನು ಮುಚ್ಚಲು, ತಿದ್ದಿದ ತಂತ್ರಾಂಶವನ್ನು ಸರ್ವರ್‌ನಲ್ಲಿ ಓಡಿಸಿ ಜಾಲದ ಮೂಲಕ ಬಳಕೆಗೆ ಕೊಟ್ಟರೂ ಸೋರ್ಸ್ ಕೋಡ್ ಒದಗಿಸಬೇಕೆನ್ನುವ ಎಜಿಪಿಎಲ್ ಎಂಬ ಲೈಸೆನ್ಸ್ ಇದೆ, ಆದರೆ ಗೂಗಲ್ ತನ್ನೊಳಗೆ ಅದರ ಬಳಕೆಯನ್ನೇ ನಿಷೇಧಿಸಿದೆ.

ಷರತ್ತು ಪಾಲಿಸುವುದಕ್ಕೂ ಕೈಜೋಡಿಸುವುದಕ್ಕೂ ಎಷ್ಟು ಅಂತರವಿದೆ ಎಂಬುದಕ್ಕೆ ಆಪಲ್‌ನ ಸಫಾರಿ ಬ್ರೌಸರ್ ಒಳ್ಳೆಯ ಉದಾಹರಣೆ. ಕೆಡಿಇ ಎಂಬ ಓಪನ್ ಸೋರ್ಸ್ ಬಳಗ ಬರೆದ, ವೆಬ್ ಪುಟಗಳನ್ನು ತೋರಿಸುವ ಕೆಎಚ್‌ಟಿಎಂಎಲ್ ಎಂಬ ಎಲ್‌ಜಿಪಿಎಲ್ (ಜಿಪಿಎಲ್‌ನ ತುಸು ಸಡಿಲ ರೂಪ) ಕೋಡನ್ನು ಆಧರಿಸಿ 2003ರಲ್ಲಿ ಸಫಾರಿಯನ್ನು ಹೊರತಂದ ಆಪಲ್, ತನ್ನ ಬದಲಾವಣೆಗಳನ್ನೂ ಪ್ರಕಟಿಸಿತು. ಆದರೆ ಯಾವ ಸಾಲನ್ನು ಯಾವ ಕಾರಣಕ್ಕೆ ತಿದ್ದಲಾಗಿದೆ ಎಂಬ ಸುಳಿವಿಲ್ಲದ ಆ ದೊಡ್ಡ ಗಂಟನ್ನು ಬಿಚ್ಚಿ ತಮ್ಮ ಕೋಡಿಗೆ ಸೇರಿಸಿಕೊಳ್ಳುವುದು ಮೂಲ ಬಳಗದವರಿಗೆ ಬಹಳ ಕಷ್ಟವಾಯಿತು. ಆ ಕೋಡಿನಿಂದ ತಾನು ಬೆಳೆಸಿದ ವೆಬ್‌ಕಿಟ್‌ನ ಇಡೀ ರೆಪಾಸಿಟರಿಯನ್ನು (ಪ್ರತಿ ಬದಲಾವಣೆಯ ದಾಖಲೆಯಿರುವ ಕೋಡ್ ಭಂಡಾರ) ಆಪಲ್ 2005ರಲ್ಲಿ ತೆರೆದ ಮೇಲೆಯೇ ಹೊರಗಿನವರೊಡನೆ ನಿಜವಾದ ಸಹಯೋಗ ಸಾಧ್ಯವಾದದ್ದು. ಲೈಸೆನ್ಸ್‌ನ ಅಕ್ಷರ ಮೊದಲಿನಿಂದಲೂ ಅದೇ ಇತ್ತು ಎಂಬುದನ್ನು ಗಮನಿಸಿ.

ಸಡಿಲ ಲೈಸೆನ್ಸ್‌ನ ಎಲ್‌ಎಲ್‌ವಿಎಂ ಕಂಪೈಲರಿಗೆ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) ಅದೇ ಆಪಲ್, ಯಾವ ಒತ್ತಾಯವೂ ಇಲ್ಲದೆ, ವರ್ಷಗಟ್ಟಲೆ ಕೋಡ್ ಕೊಡುತ್ತ ಬಂದಿದೆ. ಇದು ಔದಾರ್ಯವಲ್ಲ, ಲೆಕ್ಕಾಚಾರ. ದಿನವೂ ಬದಲಾಗುವ ಕೋಡಿನ ಮೇಲೆ ತನ್ನದೇ ಪ್ಯಾಚ್‌ಗಳನ್ನು (ತಿದ್ದುಪಡಿಗಳನ್ನು) ಗುಟ್ಟಾಗಿ ಇಟ್ಟುಕೊಂಡವರು ಪ್ರತಿ ಆವೃತ್ತಿ ಬಂದಾಗಲೂ ಅವನ್ನು ಮತ್ತೆ ಹೊಂದಿಸಬೇಕಾಗುತ್ತದೆ, ಮತ್ತು ಆ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತದೆ. ನೆಟ್‌ಫ್ಲಿಕ್ಸ್, ಸಡಿಲ ಲೈಸೆನ್ಸ್‌ನ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂಗೆ ತನ್ನ ಸುಧಾರಣೆಗಳನ್ನು ಕೊಡುತ್ತಿರುವುದರ ಹಿಂದೆಯೂ ಇದೇ ಲೆಕ್ಕವಿದೆ.

ಕಂಪನಿಗಳು ಇಂದು ಹೆಚ್ಚು ಅಂಜುವುದು ಇನ್ನೊಂದಕ್ಕೆ: ನಾಳೆ ಲೈಸೆನ್ಸ್ ಬದಲಿಸುವ ಶಕ್ತಿ ಯಾರ ಕೈಯಲ್ಲಿದೆ? 2024ರ ಮಾರ್ಚ್‌ನಲ್ಲಿ ರೆಡಿಸ್ ಎಂಬ ಡೇಟಾಬೇಸ್‌ನ ಕಂಪನಿ ಸಡಿಲವಾದ ಬಿಎಸ್‌ಡಿ ಲೈಸೆನ್ಸ್ ಕೈಬಿಟ್ಟ ಕೆಲವೇ ದಿನಗಳಲ್ಲಿ ಅಮೆಜಾನ್, ಗೂಗಲ್, ಒರಾಕಲ್ ಮೊದಲಾದವು ಲಿನಕ್ಸ್ ಫೌಂಡೇಶನ್ ಆಶ್ರಯದ ವಾಲ್ಕೀ ಎಂಬ ಫೋರ್ಕ್‌ನ (ಹಳೆಯ ಕೋಡಿನಿಂದ ಕವಲೊಡೆದ ಪ್ರತ್ಯೇಕ ಯೋಜನೆ) ಬೆನ್ನಿಗೆ ನಿಂತವು. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್‌ನ ಕಾಪಿರೈಟ್ ಸಾವಿರಾರು ಮಂದಿಯ ನಡುವೆ ಹಂಚಿಹೋಗಿರುವುದರಿಂದ ಅಲ್ಲಿ ಇಂಥ ತಿರುವು ಅಸಾಧ್ಯವೇ ಸರಿ. ಪರಸ್ಪರ ಪೈಪೋಟಿಯ ಕಂಪನಿಗಳು ಜಿಪಿಎಲ್ ಎರಡನೇ ಆವೃತ್ತಿಯ ಆ ಕೋಡಿಗೆ ನೆಮ್ಮದಿಯಿಂದ ದುಡಿಯಲು ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ನಿಮ್ಮದು ಬೇರೆ ತಂತ್ರಾಂಶಗಳೊಳಗೆ ಸೇರಿಕೊಳ್ಳುವ ಲೈಬ್ರರಿಯಾದರೆ, ಪೇಟೆಂಟ್ ಬಗ್ಗೆ ಸ್ಪಷ್ಟ ಮಾತಿರುವ ಅಪಾಚೆ 2.0 ಲೈಸೆನ್ಸನ್ನು ಆರಿಸಿಕೊಳ್ಳಿ. ತಾನಾಗಿಯೇ ನಿಲ್ಲುವ ಪೂರ್ಣ ತಂತ್ರಾಂಶವಾದರೆ ಜಿಪಿಎಲ್‌ಗೆ ಹಿಂಜರಿಯಬೇಕಿಲ್ಲ. ಎರಡರಲ್ಲಿ ಯಾವುದಾದರೂ, ಕೊಡುಗೆದಾರರ ಕಾಪಿರೈಟನ್ನು ನಿಮ್ಮ ಹೆಸರಿಗೆ ಬರೆಸಿಕೊಳ್ಳಬೇಡಿ. ಕರ್ನೆಲ್ ಬಳಗದಂತೆ, ಪ್ರತಿ ಪ್ಯಾಚ್‌ನ ಕೆಳಗೆ ಅದನ್ನು ಕೊಡುವ ಹಕ್ಕು ತನಗಿದೆ ಎಂದು ದೃಢಪಡಿಸುವ ಒಂದು ಸಾಲಿನ ಸಹಿ ಸಾಕು.