ಗಾಯಗೊಂಡ ಜಿಂಕೆ ಯಾರ ಹೊಣೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಅಡಿಕೆ ಬೆಳೆಗಾರ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೇಪಿನ ಕೋವಿಯೊಂದು ಮನೆಯಲ್ಲಿದೆ. ಒಂದು ರಾತ್ರಿ ದಾಯಾದಿಯೊಬ್ಬ ಅದನ್ನು ಹಿಡಿದು ಗದ್ದೆಯಂಚಿಗೆ ಹೊರಟಾಗ ಬ್ಯಾಟರಿ ಹಿಡಿದು ನಾನೂ ಜೊತೆಗೆ ಹೋದೆ. ಕಣ್ಣು ಹೊಳೆದ ಕಡೆ ಅವನು ಈಡು ಹೊಡೆದ; ಜಿಂಕೆ ಬೀಳದೆ ಓಡಿತು. ಬೆಳಿಗ್ಗೆ ನೋಡಿದರೆ ಪಕ್ಕದವರ ತೋಟದ ಬಸಿಗಾಲುವೆಯಲ್ಲಿ ತೊಡೆ ಮುರಿದು ಬಿದ್ದಿತ್ತು, ಜೀವವಿತ್ತು. ‘ನರಳುವುದು ಬೇಡ, ಮುಗಿಸಿಬಿಡೋಣ’ ಎಂದ ಅವನು. ‘ಫಾರೆಸ್ಟಿನವರಿಗೆ ಹೇಳಿ’ ಎಂದಳು ನನ್ನ ಹೆಂಡತಿ. ಆ ಚರ್ಚೆಯಲ್ಲೇ ಅದು ಸತ್ತುಹೋಯಿತು, ನಾವು ಅದನ್ನು ಹೂತೆವು. ಈಡು ಹೊಡೆಯದ ನನ್ನ ಮೇಲೂ ತಪ್ಪು ಬರುತ್ತದೆಯೇ? ಮುಗಿಸಿದ್ದರೆ ಪುಣ್ಯದ ಕೆಲಸವಾಗುತ್ತಿತ್ತೇ?
– ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ತಪ್ಪು ಖಂಡಿತ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೆಂದರೆ ಕೊಲ್ಲುವುದು ಮಾತ್ರವಲ್ಲ. ಗಾಯಗೊಳಿಸುವುದು, ಅಟ್ಟುವುದು, ಉರುಳಿಗೆ ಕೆಡವುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ. ಕುಮ್ಮಕ್ಕು ಕೊಟ್ಟವನನ್ನು ಅದೇ ಕಾಯ್ದೆಯ 52ನೇ ಕಲಂ ಅಪರಾಧ ಎಸಗಿದವನ ಸಾಲಿನಲ್ಲೇ ನಿಲ್ಲಿಸುತ್ತದೆ. ಬ್ಯಾಟರಿಯ ಬೆಳಕಿಲ್ಲದೆ ಆ ಈಡು ಹಾರುತ್ತಿರಲಿಲ್ಲವಾದ್ದರಿಂದ ಬೆಳಕು ಹಿಡಿದವರು ತಾವು ಬರೀ ಜೊತೆಗಾರರೆಂದು ವಾದಿಸುವುದು ಕಷ್ಟ. ಇದಲ್ಲದೆ ಕೋವಿಯ ಪರವಾನಗಿ ನಿಮ್ಮ ಹೆಸರಿನಲ್ಲಿದೆ, ದಾಯಾದಿಯ ಹೆಸರಿನಲ್ಲಿಲ್ಲ. ಪರವಾನಗಿ ಇಲ್ಲದವರ ಕೈಗೆ ಅದನ್ನು ಕೊಟ್ಟದ್ದು ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬೇರೆಯೇ ಒಂದು ತಕರಾರು. ಬೇಟೆಯ ಅಪರಾಧ ಸಾಬೀತಾದರೆ, ಅದಕ್ಕೆ ಬಳಸಿದ ಕೋವಿಯ ಪರವಾನಗಿಯನ್ನು ರದ್ದುಪಡಿಸುವಂತೆ ನ್ಯಾಯಾಲಯ ಆದೇಶಿಸಬಹುದು, ಆಮೇಲೆ 5 ವರ್ಷ ಹೊಸ ಪರವಾನಗಿ ಸಿಗುವುದಿಲ್ಲ. ಬೆಳೆ ರಕ್ಷಣೆಯ ಪರವಾನಗಿಯೇ ಶಿಕಾರಿಯ ಪರವಾನಗಿ ಎಂಬ ನಂಬಿಕೆ ನಮ್ಮ ಮಲೆನಾಡಿನಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಚುನಾವಣೆ ಬಂದಾಗ ಕೋವಿಯನ್ನು ತಪ್ಪದೆ ಠಾಣೆಗೆ ಒಪ್ಪಿಸಿ ಬರುವ ಶಿಸ್ತಿನ ಜನರೂ ಇದನ್ನು ನಂಬಿದ್ದಾರೆ. ಬೆಳೆಗೆ ಅಪಾಯ ಮಾಡುವ ಪ್ರಾಣಿಯನ್ನು ಕೊಲ್ಲುವುದಕ್ಕೂ ವನ್ಯಜೀವಿ ಕಾಯ್ದೆಯ 11ನೇ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಆದೇಶ ಬೇಕು. ಕೋವಿ ಇದೆ ಎಂಬುದು ಆದೇಶವಾಗುವುದಿಲ್ಲ.

ಪ್ರಾಣರಕ್ಷಣೆಗಾಗಿ ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದವರಿಗೆ ಅದೇ ಕಲಂ ವಿನಾಯಿತಿ ಕೊಡುತ್ತದೆ. ಆದರೆ ಆ ಹೊತ್ತಿನಲ್ಲಿ ಕಾಯ್ದೆಯನ್ನು ಮುರಿಯುತ್ತಿದ್ದವನಿಗೆ ಈ ರಕ್ಷಣೆಯಿಲ್ಲ. ಶಿಕಾರಿಗೆ ಹೋದಲ್ಲಿ ಗಾಯಗೊಂಡ ಕಾಡುಹಂದಿ ತಿರುಗಿ ಬಿದ್ದಿತು, ಅದಕ್ಕೇ ಹೊಡೆದೆ ಎಂದು ಹೇಳುವವರು ಈ ಮಾತನ್ನು ನೆನಪಿಡಬೇಕು.

ಮುಗಿಸಿಬಿಡುವ ಪ್ರಶ್ನೆಗೆ ಬರೋಣ. ನೋವಿನ ಪ್ರಾಣಿಯನ್ನು ನೋಡಲಾರದ ಮನಸ್ಸನ್ನು ನಾವು ಹಳಿಯುವುದಿಲ್ಲ. ಆದರೆ ಆ ನೋವನ್ನು ಕೊಟ್ಟವನೇ ಅದರ ಕೊನೆಯನ್ನೂ ತೀರ್ಮಾನಿಸುವುದು ನಮಗೆ ಸರಿಕಾಣುವುದಿಲ್ಲ; ದಯೆ ಎಲ್ಲಿ ಮುಗಿದು ಸಾಕ್ಷ್ಯ ಅಳಿಸುವ ಆತುರ ಎಲ್ಲಿ ಶುರುವಾಯಿತು ಎಂಬುದು ಅವನಿಗೇ ತಿಳಿಯುವುದಿಲ್ಲ. ಕಾನೂನಿನಲ್ಲಿ ಅದು ಎರಡನೆಯ ಅಪರಾಧ. ಹೆಂಡತಿ ಹೇಳಿದ್ದೇ ಸರಿ: ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಪಶುವೈದ್ಯರನ್ನು ಕರೆಸುವಂತೆ ಕೇಳಬೇಕಿತ್ತು. ಅವರು ಬರುವವರೆಗೆ ನಾಯಿಗಳನ್ನು ಕಟ್ಟಿ, ಜನರನ್ನು ದೂರವಿಟ್ಟು, ಸಾಧ್ಯವಾದರೆ ಜಿಂಕೆಯ ಕಣ್ಣಿನ ಮೇಲೆ ತೆಳುವಾದ ಬಟ್ಟೆ ಹಾಕಿದರೆ ಸಾಕು. ಬಾಯಿಗೆ ನೀರು ಬಿಡಬಾರದು, ಎತ್ತಿ ಓಡಾಡಿಸಬಾರದು. ಹಿಡಿದಾಗಿನ ಭಯ ಮತ್ತು ಒದ್ದಾಟದಿಂದಲೇ ಜಿಂಕೆಗಳು ಸಾಯುವುದುಂಟು.

ಹೊಳೆವ ಕಣ್ಣಿಗೆ ಗುರಿಯಿಡುವ ಅಭ್ಯಾಸವಂತೂ ಯಾವ ಲೆಕ್ಕದಲ್ಲೂ ಒಪ್ಪುವಂಥದ್ದಲ್ಲ. ಕಣ್ಣು ಹೊಳೆದದ್ದು ಮರಿಯಿರುವ ಹೆಣ್ಣು ಜಿಂಕೆಯದೋ ಹಟ್ಟಿಗೆ ಬಾರದೆ ಉಳಿದ ಪಕ್ಕದ ಮನೆಯ ದನದ್ದೋ, ಅದರ ಹಿಂದಿನ ಕತ್ತಲಲ್ಲಿ ಮನುಷ್ಯರಿದ್ದಾರೋ ತಿಳಿಯುವುದಿಲ್ಲ. ಜೊತೆಗೆ ಹೋದವನೇ ಈಡಿಗೆ ಸಿಕ್ಕ ಸುದ್ದಿಗಳನ್ನು ಮಲೆನಾಡಿನವರು ಓದದೇ ಇಲ್ಲ. ನಿರ್ಲಕ್ಷ್ಯದಿಂದ ಸಾವು ಉಂಟಾದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 5 ವರ್ಷದವರೆಗೆ ಸೆರೆವಾಸವಿದೆ.

ಈಗೇನು ಮಾಡಬೇಕೆಂದರೆ, ಹೂತದ್ದನ್ನೂ ಸೇರಿಸಿ ಎಲ್ಲವನ್ನೂ ಮೊದಲು ವಕೀಲರಿಗೆ ಹೇಳಿ, ಅವರೊಂದಿಗೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗುವುದು ನಮ್ಮ ಸಲಹೆ. ಗದ್ದೆ ಯಾವುದರ ಅಂಚಿನಲ್ಲಿದೆ ಎಂದು ನೀವು ಬರೆದಿಲ್ಲ. ಮಂಡಗದ್ದೆಯ ಕಡೆಯಾದರೆ ಶೆಟ್ಟಿಹಳ್ಳಿ ಅಭಯಾರಣ್ಯದ ಗಡಿಯನ್ನು ವಕೀಲರು ನಕ್ಷೆಯಲ್ಲಿ ನೋಡಲಿ. ಹೊರಗೆ ಜಿಂಕೆ ಹೊಡೆದದ್ದಕ್ಕೆ 3 ವರ್ಷದವರೆಗಿನ ಸೆರೆ ಅಥವಾ 1 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಬಹುದಾದರೆ, ಅಭಯಾರಣ್ಯದ ಒಳಗಿನ ಬೇಟೆಗೆ ಕನಿಷ್ಠ 3, ಗರಿಷ್ಠ 7 ವರ್ಷ ಸೆರೆ.

ಪ್ರಶ್ನೆ: ಶಿಕಾರಿಗೆ ಹೋಗದಿದ್ದರೂ ಭಾವನ ಮನೆಯಿಂದ ಪಾಲು ಬರುತ್ತದೆ. ಬೇಡವೆಂದರೆ ಸಂಬಂಧ ಕೆಡುತ್ತದೆ. ತಿಂದವರಿಗೂ ಕೇಸೇ?
– ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ಕೋವಿಗೊಂದು ಪಾಲು, ನಾಯಿಗೊಂದು ಪಾಲು ಎಂದು ಹಂಚಿದ ಮೇಲೆ ನೆಂಟರಿಗೂ ಕಳಿಸುವುದು ಹಳೆಯ ವಾಡಿಕೆ. ಆದರೆ ಮಾಂಸ ನಿಮ್ಮ ವಶದಲ್ಲಿ ಸಿಕ್ಕಿತೆಂದು ಸಾಬೀತಾದರೆ, ಅದು ಅಕ್ರಮವಲ್ಲವೆಂದು ತೋರಿಸುವ ಹೊಣೆಯನ್ನು ವನ್ಯಜೀವಿ ಕಾಯ್ದೆಯ 57ನೇ ಕಲಂ ನಿಮ್ಮ ಮೇಲೆಯೇ ಹಾಕುತ್ತದೆ. ಅದನ್ನು ನೀವು ತೋರಿಸಲಾರಿರಿ. ಭಾವನಿಗೆ ನೇರವಾಗಿ, ಮಾಂಸ ಬರುವ ಮೊದಲೇ ಹೇಳಿ. ತಟ್ಟೆ ಮುಂದೆ ಬಂದ ಮೇಲೆ ಬೇಡವೆನ್ನುವುದೇ ಹೆಚ್ಚು ನೋಯಿಸುವುದು.

ಪ್ರಶ್ನೆ: ಹಂದಿಯ ಕಾಟಕ್ಕೆ ಬೇಲಿಯಲ್ಲಿ ಉರುಳು ಕಟ್ಟಿದ್ದೆ. ಕಡವೆ ಮರಿ ಸಿಕ್ಕಿ ಸತ್ತಿದೆ. ಉದ್ದೇಶ ಅದಲ್ಲವಲ್ಲ?
– ಸಾಗರ ತಾಲ್ಲೂಕಿನ ಓದುಗರು

ಉತ್ತರ: ಉರುಳಿಗೆ ಉದ್ದೇಶ ತಿಳಿಯುವುದಿಲ್ಲ, ಮತ್ತು ಹಂದಿಗೆ ಕಟ್ಟಿದ್ದೂ ಅಪರಾಧವೇ. ಸತ್ತ ವನ್ಯಪ್ರಾಣಿ ಸರ್ಕಾರದ ಸ್ವತ್ತು. ಅದು ವಶಕ್ಕೆ ಬಂದ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅರಣ್ಯಾಧಿಕಾರಿಗೆ ತಿಳಿಸಬೇಕೆಂದು ಅದೇ ಕಾಯ್ದೆಯ 39ನೇ ಕಲಂ ಹೇಳುತ್ತದೆ. ಮರಿಯನ್ನೂ ಅದು ಸಿಕ್ಕ ಉರುಳನ್ನೂ ಇದ್ದಲ್ಲೇ ಬಿಟ್ಟು ಇಂದೇ ಕರೆ ಮಾಡಿ. ಉಳಿದ ಉರುಳುಗಳಿಗೆ ಇನ್ನೊಂದು ಪ್ರಾಣಿ ಬೀಳದಂತೆ ಕುಣಿಕೆ ಸಡಿಲಿಸಿ, ಅವು ಎಲ್ಲೆಲ್ಲಿವೆ ಎಂದು ಬಂದವರಿಗೆ ನೀವೇ ತೋರಿಸಿ. ಹಂದಿಯಿಂದ ಹಾಳಾದ ಬೆಳೆಗೆ ಪರಿಹಾರ ಕೇಳುವ ಅರ್ಜಿಯನ್ನು ಅರಣ್ಯಾಧಿಕಾರಿಯ ಕಚೇರಿಯಲ್ಲಿ, ಹಾನಿಯ ಫೋಟೊ ಮತ್ತು ಪಹಣಿಯೊಂದಿಗೆ ಕೊಡಬಹುದು.